ಹತ್ತರ ಸ್ಪ್ಯಾನರ್ ಮತ್ತು ಹಸಿರು ಬಳೆ

ಅಷ್ಟಮಿಯ ಸಂಜೆ ಅರಮನೆಯಲ್ಲಿ ಹತ್ತಿರ ಹತ್ತಿರ 1 ಲಕ್ಷ ದೀಪಗಳು ಒಟ್ಟಿಗೆ ಹೊತ್ತಿಕೊಂಡ ಹೊತ್ತಿಗೆ ಸರಿಯಾಗಿ, ಕುವೆಂಪುನಗರದ ನಮ್ಮ ಮನೆಯ ಗೇಟಿನೊಳಗೆ ನಿಂತಿದ್ದ ಕಾರಿನ ಒಂದೇ ಒಂದು ದೀಪ ಮಂಕಾಗಿ ಉರಿಯುತ್ತಿತ್ತು. ಕೀಲಿ ತಿರುಗಿಸಿದರೆ ಹಲ್ಲಿ ಲೊಚಗುಟ್ಟಿದಂತೆ ‘ಟಕ್ ಟಕ್ ಟಕ್’ ಎಂಬ ಸದ್ದು ಬಂತೇ ಹೊರತು ಎಂಜಿನ್ ಏಳಲಿಲ್ಲ. ಸೆಲ್ಫ್ ಎತ್ತುತ್ತಿಲ್ಲ ಎನ್ನುತ್ತಾರಲ್ಲ, ಅದು.

ಬೇರೆ ಯಾವ ದಿನವಾಗಿದ್ದರೂ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಾಲೇಜಿಗೆ ನಾನು ಹೋಗುವುದು ಸ್ಕೂಟರಿನಲ್ಲಿ. ಮನೆಯವರಿಗೆ ಬೆಂಗಳೂರಿನಲ್ಲಿ ಕೆಲಸ; ಶುಕ್ರವಾರ ರಾತ್ರಿ ರೈಲಿನಲ್ಲಿ ಬಂದು ಸೋಮವಾರ ಬೆಳಗಿನ ಜಾವ ರೈಲಿನಲ್ಲೇ ಹೋಗುತ್ತಾರೆ. ಕಾರು ಹೊರಡುವುದು ಎಂದೋ ಒಮ್ಮೆ, ನಂಜನಗೂಡಿಗೋ ಯಾರದೋ ಆರತಕ್ಷತೆಗೋ. ಆದರೆ ಮರುದಿನ ಆಯುಧಪೂಜೆ. ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟ ಮೇಲೆ ಅದು ತಾನಾಗಿ ಮುಂದಕ್ಕೆ ಹೋಗಿ ಅವುಗಳನ್ನು ಒಡೆಯಬೇಕು. ತಳ್ಳಿ ಒಡೆಸಿದರೆ ನಡೆಯುತ್ತದೆಯೇ ಎಂದು ಅತ್ತೆಯನ್ನು ಕೇಳಿದೆ. ಅವರು ನನ್ನ ಮುಖವನ್ನು ನೋಡಿ ಒಳಗೆ ಹೋದರು. ಉತ್ತರ ಅಷ್ಟೇ.

ನಾನು ಬಾಗಿಲಲ್ಲಿ ನಿಂತು ಫೋನಿನಲ್ಲಿ ಮನೆಯವರಿಗೆ “ಬ್ಯಾಟರಿ ಸತ್ತಿದೆ” ಎಂದೆ. ಒಳಗಿನಿಂದ ಅತ್ತೆ “ಹಬ್ಬದ ದಿನ ಅದೆಂಥ ಮಾತು, ಹೆಚ್ಚಿದೆ ಎನ್ನು” ಎಂದರು. ನಮ್ಮ ಕಡೆ ಡಬ್ಬಿಯಲ್ಲಿ ಅಕ್ಕಿ ಮುಗಿದರೆ ‘ಹೆಚ್ಚಿದೆ’ ಎನ್ನುವುದು. ಕೈಯ ಬಳೆ ಒಡೆದರೂ ‘ಹೆಚ್ಚಿತು’ ಎನ್ನುವುದು. ಇಲ್ಲವಾದದ್ದನ್ನು ಇಲ್ಲ ಎನ್ನಬಾರದು. ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಮಾಡುವ ನನಗೆ, ಬ್ಯಾಟರಿಗೂ ಈ ಸೌಜನ್ಯ ಸಲ್ಲುತ್ತದೆ ಎನ್ನುವುದು ಅಂದೇ ಗೊತ್ತಾದದ್ದು.

ಮನೆಯವರು ಆ ಕಡೆಯಿಂದ ಹೇಳಿದ್ದು ಒಂದೇ ಮಾತು: “ನೀನು ಮುಟ್ಟಬೇಡ, ಯಾರನ್ನಾದರೂ ಕರೆಯಿಸು.” ಕರೆಯಿಸಲು ನೋಡಿದೆ. ಮನೆಗೇ ಬಂದು ಬ್ಯಾಟರಿ ಬದಲಿಸಿಕೊಡುತ್ತೇವೆ ಎಂದು ಜಾಹೀರಾತು ಕೊಡುವ ಒಂದು ಕಂಪನಿಯ ಹುಡುಗ, ಹಬ್ಬ ಕಳೆದ ಮೇಲೆ ಎಂದ. ನಮ್ಮ ಮಾಮೂಲಿ ಗ್ಯಾರೇಜಿನವರು ಶಟರ್ ಅರ್ಧ ಇಳಿಸಿ ನೆಲ ತೊಳೆಯುತ್ತಿದ್ದರು. ನವಮಿಗೆ ಎಲ್ಲ ಸ್ಪ್ಯಾನರುಗಳೂ ಪೂಜೆಗೆ ಕುಳಿತುಕೊಳ್ಳುತ್ತವೆ, ವಿಜಯದಶಮಿಯವರೆಗೆ ಅವನ್ನು ಎತ್ತುವಂತಿಲ್ಲ ಎಂದರು. ಊರಿನ ಆಯುಧಗಳೆಲ್ಲ ರಜೆಯ ಮೇಲಿದ್ದವು.

ಆಗ ನನ್ನ ಕಣ್ಣು ಅಡುಗೆಮನೆಯ ಮೂಲೆಯಲ್ಲಿದ್ದ ಗ್ಯಾಸ್ ಸಿಲಿಂಡರಿನ ಮೇಲೆ ಬಿತ್ತು. ಆ ಬೆಳಿಗ್ಗೆಯಷ್ಟೇ ಅದನ್ನು ಬದಲಿಸಿದ್ದೆ. ಒಳಗಿನ ಅನಿಲವೇ 14.2 ಕಿಲೋ, ಕಬ್ಬಿಣವೂ ಸೇರಿದರೆ 30 ಕಿಲೋ. ಅದನ್ನು ಓರೆ ಮಾಡಿ ಉರುಳಿಸಿಕೊಂಡು ಬಂದು, ಮುಚ್ಚಳ ಕಿತ್ತು, ವಾಷರ್ ಇದೆಯೇ ಎಂದು ಬೆರಳು ಹಾಕಿ ನೋಡಿ, ರೆಗ್ಯುಲೇಟರ್ ಒತ್ತಿ ಕೂರಿಸಿ, ಮೂಗಿನಿಂದ ಸೋರಿಕೆ ಪರೀಕ್ಷಿಸುವುದು ನನ್ನ ಕೆಲಸ. ಈ ಇಪ್ಪತ್ತು ವರ್ಷಗಳಲ್ಲಿ ಯಾರೊಬ್ಬರೂ ‘ನೀನು ಮುಟ್ಟಬೇಡ’ ಎಂದಿಲ್ಲ. ಸೋರಿದರೆ ಮನೆಯನ್ನೇ ಹಾರಿಸಬಲ್ಲ ವಸ್ತು ಅದು. 10 ಕಿಲೋ ತೂಗುವ, 12 ವೋಲ್ಟಿನ ಪೆಟ್ಟಿಗೆಯೊಂದನ್ನು ಮಾತ್ರ ಮುಟ್ಟಬಾರದು. ಮನೆಗಳಲ್ಲಿ ಎಚ್ಚರಿಕೆ ಎನ್ನುವುದು ಅಪಾಯ ಎಲ್ಲಿದೆ ಎಂದು ನೋಡಿ ಹಂಚಿಕೆಯಾಗುವುದಿಲ್ಲ. ಯಾರ ಕೆಲಸ ಯಾವುದು ಎಂದು ನೋಡಿ ಹಂಚಿಕೆಯಾಗುತ್ತದೆ. ನನಗೆ ಸಣ್ಣಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಸ್ಕೂಟರ್ ಹತ್ತುತ್ತೇನೆ.

ಹೊರಡುವ ಮೊದಲು ಮಾಡಿದ ಒಂದೇ ಜಾಣತನವೆಂದರೆ ಹಳೆಯ ಬ್ಯಾಟರಿಯ ಮೇಲಿದ್ದ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡದ್ದು. ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಅಳತೆಯನ್ನು, 35 ಆಂಪಿಯರ್ ಅವರ್ ಎಂದು, ಹೇಳಿದರೆ ಸಾಲದು. ಅದೇ ಶಕ್ತಿಯ, ಅದೇ ಅಳತೆಯ ಎರಡು ಬ್ಯಾಟರಿಗಳು ಕನ್ನಡಿಯ ಬಿಂಬದಂತೆ ಅದಲುಬದಲಾಗಿರುತ್ತವೆ. ಒಂದರಲ್ಲಿ ಪ್ಲಸ್ ಈ ಪಕ್ಕ, ಇನ್ನೊಂದರಲ್ಲಿ ಆ ಪಕ್ಕ. ಚೀಟಿಯ ಮೇಲಿನ ಮಾದರಿ ಸಂಖ್ಯೆಯ ಕೊನೆಯಲ್ಲಿರುವ ‘ಎಲ್’ ಅಥವಾ ‘ಆರ್’ ಎಂಬ ಒಂದೇ ಅಕ್ಷರ ಅದನ್ನು ಹೇಳುತ್ತದೆ. ತಪ್ಪು ಅಕ್ಷರದ್ದನ್ನು ತಂದರೆ ಕಾರಿನ ಕೇಬಲ್ ಅಲ್ಲಿಯವರೆಗೆ ಎಟುಕುವುದೇ ಇಲ್ಲ. ಎಟುಕಿಬಿಟ್ಟರೆ ಇನ್ನೂ ಕಷ್ಟ; ತಿರುಗುಮುರುಗು ಜೋಡಿಸಿದ ಬ್ಯಾಟರಿ ಎಂಜಿನ್ ಓಡುವಾಗ ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರನ್ನೂ ಕಾರಿನ ಕಂಪ್ಯೂಟರನ್ನೂ ಕ್ಷಣದಲ್ಲಿ ಸುಟ್ಟುಹಾಕಬಲ್ಲದು. ಕಾಗುಣಿತದ ತಪ್ಪಿಗೆ ಇಷ್ಟು ದೊಡ್ಡ ದಂಡ ನನ್ನ ತರಗತಿಯಲ್ಲೂ ಇಲ್ಲ.

ದಸರಾ ಸಂಜೆಯ ಜನಜಂಗುಳಿಯಲ್ಲಿ ಏಕಮುಖ ಸಂಚಾರದ ಬೀದಿಗಳನ್ನೆಲ್ಲ ಸುತ್ತಿ ಬ್ಯಾಟರಿ ಅಂಗಡಿ ತಲುಪಿದಾಗ ಎಂಟು ಗಂಟೆ. ಅಂಗಡಿಯವರು ನನ್ನ ಹಿಂದೆ ಇಣುಕಿ ನೋಡಿ, “ಕಾರು ಎಲ್ಲಿ ಮೇಡಂ?” ಎಂದರು. ಕಾರು ಬರುವ ಸ್ಥಿತಿಯಲ್ಲಿದ್ದರೆ ನಾನೇಕೆ ಬರುತ್ತಿದ್ದೆ ಎಂದೆ. “ಹಾಗಾದರೆ ಹಾಕುವವರು ಯಾರು?” ಎಂದರು. ನಾನು ಚೀಟಿಯ ಚಿತ್ರವನ್ನು ತೋರಿಸಿದೆ. ಒಳ್ಳೆಯ ಮನುಷ್ಯ, ಮುಂದೆ ಕೇಳಲಿಲ್ಲ. ಹೊಸ ಬ್ಯಾಟರಿಯ ತಯಾರಿಕೆಯ ತಿಂಗಳು ತೋರಿಸಿ, ಮೀಟರ್ ಇಟ್ಟು 12.6 ವೋಲ್ಟ್ ಇದೆ ಎಂದು ಖಾತ್ರಿ ಮಾಡಿ, ವಾರಂಟಿ ಕಾರ್ಡಿಗೆ ಮೊಹರು ಒತ್ತಿದರು. ಹಳೆಯದನ್ನು ತಂದುಕೊಟ್ಟರೆ 900 ರೂಪಾಯಿ ಹಿಂದಕ್ಕೆ ಎಂದರು. ಸ್ಕೂಟರಿನಲ್ಲಿ ಎರಡು ಕಾಲುಗಳ ನಡುವೆ ಅದನ್ನು ನಿಲ್ಲಿಸಿಕೊಂಡು, ದೀಪದ ತೋರಣಗಳ ಕೆಳಗೆ ಮದುವಣಗಿತ್ತಿಯನ್ನು ಕರೆತರುವಂತೆ ನಿಧಾನವಾಗಿ ಮನೆಗೆ ತಂದೆ.

ರಾತ್ರಿ ನಮ್ಮ ಮಲ್ಟಿಮೀಟರಿನಿಂದ ಹಳೆಯದನ್ನು ಅಳೆದೆ. 11.4. ಕಾರಿನ ಬ್ಯಾಟರಿಯಲ್ಲಿ ಆರು ಕೋಣೆಗಳಿರುತ್ತವೆ, ಒಂದೊಂದರಲ್ಲಿ 2.1 ವೋಲ್ಟಿನಷ್ಟು. ಆರೂ ಆರೋಗ್ಯವಾಗಿದ್ದರೆ 12.6. ಅದು 12.2ಕ್ಕೆ ಇಳಿದರೆ ಅರ್ಧ ಖಾಲಿ. 11.4 ಎಂದರೆ, ಅತ್ತೆಯ ಭಾಷೆಯಲ್ಲಿ, ಬಹಳವೇ ಹೆಚ್ಚಿದೆ.

ಹೆಚ್ಚಿಸಿದವರು ಯಾರು ಎಂದು ಲೆಕ್ಕ ಹಾಕುತ್ತ ಕುಳಿತೆ. ಕಾರು ಸುಮ್ಮನೆ ನಿಂತಿದೆ ಎಂದುಕೊಳ್ಳುತ್ತೇವೆ. ಅದು ಸುಮ್ಮನೆ ನಿಂತಿರುವುದಿಲ್ಲ. ಗಡಿಯಾರ, ಕೀಲಿಯ ಕರೆಗೆ ಕಿವಿಗೊಟ್ಟು ಕುಳಿತ ಲಾಕು, ಕಂಪ್ಯೂಟರಿನ ನೆನಪು ಎಲ್ಲ ಸೇರಿ ಹನಿಹನಿಯಾಗಿ ಕುಡಿಯುತ್ತವೆ. 30 ಮಿಲಿಆಂಪಿಯರ್ ಎಂದು ಇಟ್ಟುಕೊಂಡರೂ ದಿನಕ್ಕೆ 0.72 ಆಂಪಿಯರ್ ಅವರ್. ಮೂರು ವಾರಕ್ಕೆ 15. 35ರ ಬ್ಯಾಟರಿಯಲ್ಲಿ ಅದು ಹತ್ತಿರ ಹತ್ತಿರ ಅರ್ಧ. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರೆ ಕಳೆದುಕೊಂಡದ್ದು ಮರಳಿ ತುಂಬುವುದಿಲ್ಲ. ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಬೇಕು. ಹೀಗೆ ಅರೆಹೊಟ್ಟೆಯಲ್ಲಿ ನಿಂತ ಬ್ಯಾಟರಿಯೊಳಗೆ ಇನ್ನೊಂದು ಕೇಡು ನಡೆಯುತ್ತದೆ. ವಿದ್ಯುತ್ ಕೊಡುತ್ತ ಹೋದಂತೆ ಒಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕಟ್ಟುತ್ತದೆ, ಗಂಧಕಾಮ್ಲ ತೆಳ್ಳಗಾಗುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಆ ಸಲ್ಫೇಟ್ ಕರಗಿ ಹಿಂದಿನಂತಾಗುತ್ತದೆ. ವಾರಗಟ್ಟಲೆ ಬಿಟ್ಟರೆ ಹಳೆಯ ಪಾತ್ರೆಯ ತಳದ ಸುಣ್ಣದ ಕರೆಯಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅಷ್ಟಕ್ಕಷ್ಟೇ. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಎಂಬಾತ 1859ರಲ್ಲಿ ಮಾಡಿದ ಸೀಸ ಮತ್ತು ಆಮ್ಲದ ಈ ಜೋಡಿಯೇ ಇಂದಿಗೂ ನಮ್ಮ ಬಾನೆಟ್ಟಿನ ಕೆಳಗೆ ಕುಳಿತಿದೆ. ಇಷ್ಟು ವರ್ಷಗಳಲ್ಲಿ ಬದಲಾಗದ ಅದರ ಗುಣವೆಂದರೆ ಉಪವಾಸ ಸಹಿಸದಿರುವುದು.

ಬುಧವಾರ ಬೆಳಿಗ್ಗೆ. ಹನ್ನೆರಡಕ್ಕೆ ರಾಹುಕಾಲ, ಅದಕ್ಕೆ ಮುಂಚೆ ಪೂಜೆ ಮುಗಿಯಬೇಕು ಎನ್ನುವುದು ಅತ್ತೆಯ ಗಡುವು. ಏಳು ಗಂಟೆಗೆ ಹೊರಗೆ ಬಂದು ನೋಡಿದರೆ ಮನೆಯಲ್ಲಿದ್ದ ಒಂದೇ ಒಂದು ಹತ್ತರ ಸ್ಪ್ಯಾನರ್, ಎಂದರೆ ಬ್ಯಾಟರಿಯ ನಟ್ಟಿಗೆ ಹೊಂದುವ 10 ಮಿಲಿಮೀಟರಿನದು, ಕಾಣೆಯಾಗಿತ್ತು. ಹುಡುಕಿದರೆ ಒಳಗೆ ಗೊಂಬೆಗಳ ಸಾಲಿನ ಮುಂದೆ, ಪಟ್ಟದ ಗೊಂಬೆಗಳ ಪಾದದ ಬಳಿ, ಕತ್ತರಿ, ಈಳಿಗೆಮಣೆ, ಹೊಲಿಗೆ ಯಂತ್ರದ ಚಕ್ರ ಇವುಗಳ ಜೊತೆ ಮಲಗಿತ್ತು. “ಇನ್ನೂ ಕುಂಕುಮ ಇಟ್ಟಿಲ್ಲ, ಬೇಗ ತೆಗೆದುಕೊಂಡು ಹೋಗು” ಎಂದರು ಅತ್ತೆ. ದೇವರಿಂದ ಸ್ಪ್ಯಾನರ್ ಕಡ ತಂದು ಕೆಲಸ ಶುರು ಮಾಡಿದೆ.

ಅತ್ತೆಗೆ ಎಪ್ಪತ್ತನಾಲ್ಕು. ಅವರು ಮೊದಲು ತಂದುಕೊಟ್ಟದ್ದು ರಬ್ಬರ್ ಚಪ್ಪಲಿ. ಶಾಕ್ ಹೊಡೆಯಬಾರದು ಎಂದು. ಎರಡನೆಯದಾಗಿ ಒಂದು ಮರದ ಮಣೆ, ಅದರ ಮೇಲೆ ನಿಂತುಕೋ ಎಂದು. 12 ವೋಲ್ಟು ಒಣಗಿದ ಚರ್ಮವನ್ನು ದಾಟಿ ಒಳಗೆ ಹೋಗಲಾರದು, ಎರಡೂ ತುದಿಗಳನ್ನು ಎರಡೂ ಕೈಗಳಿಂದ ಹಿಡಿದುಕೊಂಡರೂ ಏನೂ ತಿಳಿಯುವುದಿಲ್ಲ, ಗೋಡೆಯ ಪ್ಲಗ್ಗಿನ 230 ವೋಲ್ಟೇ ಬೇರೆ ಎಂದು ವಿವರಿಸಿದೆ. ಅತ್ತೆ ಮಣೆಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದರು. ಇದೇ ಅತ್ತೆ ಮೂರು ತಿಂಗಳಿಗೊಮ್ಮೆ ನಡುಮನೆಯ ಯುಪಿಎಸ್ ಬ್ಯಾಟರಿಯ ಆರು ಬಿರಡೆಗಳನ್ನೂ ಬಿಚ್ಚಿ, ಆಮ್ಲದ ಬಾಯಿಗೆ ಮುಖ ಬಗ್ಗಿಸಿ, ಡಿಸ್ಟಿಲ್ಡ್ ವಾಟರ್ ಹೊಯ್ಯುತ್ತಾರೆ. ಕಾರಿನದಕ್ಕಿಂತ ನಾಲ್ಕು ಪಟ್ಟು ದೊಡ್ಡದು ಅದು. ಹಾಗೆಂದು ನೆನಪಿಸಿದರೆ, “ಅದು ಮನೆಯೊಳಗಿನ ಬ್ಯಾಟರಿ” ಎಂದರು. ಸೀಸ ಅದೇ, ಆಮ್ಲ ಅದೇ. ಆದರೆ ಅದು ನಮ್ಮದು, ಇದು ಹೊರಗಿನದು. ಸಿಲಿಂಡರಿನ ಬಗ್ಗೆ ನಾನು ಹಿಂದಿನ ರಾತ್ರಿ ಹೊಳೆಸಿಕೊಂಡಿದ್ದ ತತ್ತ್ವವನ್ನು ಅತ್ತೆ ಮೂರೇ ಮಾತಿನಲ್ಲಿ ಮುಗಿಸಿಬಿಟ್ಟರು.

ಬಾನೆಟ್ ಎತ್ತಿದ್ದೇ ತಡ, ಎದುರು ಮನೆಯ ಜಾವಾದವರು ಗೇಟಿನ ಬಳಿ ಬಂದು ನಿಂತರು. ನಮ್ಮ ಬೀದಿಯಲ್ಲಿ ಅವರಿಗೆ ಅದೇ ಹೆಸರು. ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್‌ಬೈಕ್ ಕಾರ್ಖಾನೆಯಲ್ಲಿ ದುಡಿದು, 1996ರಲ್ಲಿ ಅದು ಬಾಗಿಲು ಹಾಕಿದಾಗ ಹೊರಗೆ ಬಂದವರು. ಮೈಸೂರಿನಲ್ಲಿ ಇಂಥವರು ಬಹಳ ಮಂದಿ ಇದ್ದಾರೆ; ಎಲ್ಲಿಯಾದರೂ ಎಂಜಿನ್ ಸದ್ದು ಸ್ವಲ್ಪ ಏರುಪೇರಾದರೆ ಓದುತ್ತಿರುವ ಪತ್ರಿಕೆಯನ್ನು ಮಡಿಸಿಟ್ಟು ಎದ್ದು ಬರುತ್ತಾರೆ. “ನಮ್ಮ ಗಾಡಿಗೆ ಒಂದೇ ಲಿವರ್, ಅದರಲ್ಲೇ ಕಿಕ್, ಅದರಲ್ಲೇ ಗೇರು” ಎಂದು ಅವರು ನೂರನೆಯ ಸಲ ಹೇಳಿದರು. “ಕಾಲಿನಲ್ಲಿ ಬಲವಿರುವವರೆಗೆ ಗಾಡಿ ನಿಲ್ಲುತ್ತಿರಲಿಲ್ಲ.”

ಅವರು ಹೇಳಿದ್ದು ನಿಜವೇ. ಕಾರಿಗೂ ಒಂದು ಕಾಲದಲ್ಲಿ ತೋಳಿನ ಬಲವೇ ಗತಿಯಾಗಿತ್ತು. ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ಎಂಜಿನ್ನನ್ನು ತಿರುಗಿಸಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿಕೊಟ್ಟ ವಿದ್ಯುತ್ ಸೆಲ್ಫ್ ಬಂದ ಮೇಲೆ ಆ ಕಷ್ಟ ತಪ್ಪಿತು. ಹೆಂಗಸರು ಒಬ್ಬರೇ ಕಾರು ತೆಗೆದುಕೊಂಡು ಹೊರಡುವುದಕ್ಕೆ ದೊಡ್ಡ ಅನುಕೂಲವಾದದ್ದೂ ಅದರಿಂದಲೇ. ಎಂದರೆ ಈ ಬ್ಯಾಟರಿ ಕಾರಿಗೆ ಬಂದು ಕುಳಿತದ್ದೇ ಒಂದು ರೀತಿಯಲ್ಲಿ ನನಗಾಗಿ. ಅದನ್ನು ಮುಟ್ಟಬೇಡ ಎನ್ನುತ್ತಾರೆ.

ಜಾವಾದವರು ಹತ್ತಿರ ಬಂದರು. ಬಂದು, ಸ್ಪ್ಯಾನರಿಗೆ ಕೈ ಚಾಚಲಿಲ್ಲ. ಇದನ್ನು ನಾನು ಒತ್ತಿ ಬರೆಯಬೇಕು. ಬೀದಿಯ ಎಲ್ಲ ಗಂಡಸರೂ, ಹದಿನಾರರ ಹುಡುಗನೂ ಸೇರಿ, ನನ್ನ ಕೈಯಲ್ಲಿ ಯಾವ ಉಪಕರಣ ಕಂಡರೂ “ಕೊಡಿ ಇಲ್ಲಿ” ಎನ್ನುತ್ತಾರೆ. ಇವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ಮೊದಲು ಯಾವುದನ್ನು ಬಿಚ್ಚುತ್ತೀಯಮ್ಮ?” ಎಂದು ಕೇಳಿದರು. ಪರೀಕ್ಷೆಯಲ್ಲಿ ಕುಳಿತಂತಾಯಿತು. “ಮೈನಸ್” ಎಂದೆ. “ಯಾಕೆ?”

ಯಾಕೆ ಎನ್ನುವುದನ್ನು ರಾತ್ರಿ ಓದಿಕೊಂಡಿದ್ದೆ. ಕಾರಿನ ಇಡೀ ಕಬ್ಬಿಣದ ಮೈಯೇ ಮೈನಸ್. ಬ್ಯಾಟರಿಯ ಮೈನಸ್ ಕೇಬಲ್ ಹೋಗಿ ಸೇರುವುದು ಆ ಮೈಗೆ. ಅದನ್ನು ಹಾಗೆಯೇ ಬಿಟ್ಟು ಪ್ಲಸ್ಸನ್ನು ಬಿಚ್ಚಲು ಹೊರಟರೆ, ಸ್ಪ್ಯಾನರಿನ ಒಂದು ತುದಿ ಪ್ಲಸ್ಸಿನ ನಟ್ಟಿನ ಮೇಲಿರುವಾಗ ಇನ್ನೊಂದು ತುದಿ ಕಾರಿನ ಮೈಗೆ ತಾಗಿದರೆ ಸಾಕು, ನೇರ ಶಾರ್ಟ್. ನೂರಾರು ಆಂಪಿಯರ್ ಆ ಸ್ಪ್ಯಾನರಿನ ಮೂಲಕ ಹರಿದು, ಅದು ಕಿಡಿ ಕಾರಿ, ಕೆಂಪಗೆ ಕಾದು, ಅಲ್ಲೇ ಬೆಸೆದುಕೊಳ್ಳಲೂ ಬಹುದು. ಮೈನಸ್ ಮೊದಲು ಬಿಚ್ಚಿಬಿಟ್ಟರೆ ದಾರಿಯೇ ಕಡಿದುಹೋಗುತ್ತದೆ. ಆಮೇಲೆ ಪ್ಲಸ್ಸಿನ ಮೇಲಿನ ಸ್ಪ್ಯಾನರ್ ಎಲ್ಲಿ ತಾಗಿದರೂ ಏನೂ ಇಲ್ಲ. ಹಾಕುವಾಗ ತಿರುಗುಮುರುಗು, ಪ್ಲಸ್ ಮೊದಲು, ಮೈನಸ್ ಕೊನೆಗೆ. ಇಷ್ಟನ್ನೂ ಒಪ್ಪಿಸಿದೆ. ಜಾವಾದವರು ತಲೆಯಾಡಿಸಿದರು. ಆಮೇಲೆ ನನ್ನ ಮುಖ ಬಿಟ್ಟು ಮುಂಗೈ ನೋಡಿದರು.

“ಬಳೆ ತೆಗೆದಿಡು.”

ನನ್ನ ಎರಡೂ ಕೈಗಳಲ್ಲಿ ಹಬ್ಬಕ್ಕೆಂದು ಹಾಕಿದ ಎರಡೆರಡು ಚಿನ್ನದ ಬಳೆಗಳಿದ್ದವು. ಬೆರಳಿನಲ್ಲಿ ಉಂಗುರ. ಬಗ್ಗಿದರೆ ಬಾನೆಟ್ಟಿನೊಳಗೆ ಜೋತಾಡುವ ಮಾಂಗಲ್ಯದ ಸರ. ಸ್ಪ್ಯಾನರ್ ತಾಗಿದರೆ ಏನಾಗುತ್ತದೆ ಎಂದು ಪಟಪಟನೆ ಒಪ್ಪಿಸಿದವಳಿಗೆ, ಸ್ಪ್ಯಾನರ್ ಮಾಡುವ ಕೆಲಸವನ್ನು ಬಳೆಯೂ ಮಾಡಬಲ್ಲದು ಎಂದು ಹೊಳೆದೇ ಇರಲಿಲ್ಲ. ಚಿನ್ನ ಉಕ್ಕಿಗಿಂತ ಬಹಳ ಒಳ್ಳೆಯ ವಾಹಕ. ಜಾವಾದವರು ಬೆನ್ನ ಹಿಂದಿನಿಂದ ಎಡಗೈ ತೆಗೆದು ತೋರಿಸಿದರು. ಉಂಗುರದ ಬೆರಳಿನ ಬುಡದಲ್ಲಿ ಸುತ್ತಲೂ ಬಿಳಿಚಿಕೊಂಡ ಒಂದು ಗೆರೆ. ಹುಣಸೂರು ರಸ್ತೆಯಲ್ಲಿ ತಮ್ಮನ ಲಾರಿ ಕೆಟ್ಟು ನಿಂತಾಗ ಬ್ಯಾಟರಿಯ ನಟ್ಟು ಬಿಗಿಯಲು ಹೋದರಂತೆ. ಮದುವೆಯ ಉಂಗುರ ಸ್ಪ್ಯಾನರಿಗೂ ಮೈನಸ್ಸಿಗೂ ನಡುವೆ ಸಿಕ್ಕಿತಂತೆ. “ಶಾಕ್ ಏನೂ ಹೊಡೆಯಲಿಲ್ಲ. ಉಂಗುರ ಕಾಯಿತು, ಅಷ್ಟೇ” ಎಂದರು. ಉಂಗುರವನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ಮತ್ತೆ ಅವರು ಉಂಗುರ ಹಾಕಲಿಲ್ಲ.

ರಬ್ಬರ್ ಚಪ್ಪಲಿ, ಮರದ ಮಣೆ. ಅಪಾಯ ಕಾಲಿನ ಕಡೆಯಿಂದ ಬರುತ್ತದೆಂದು ನಾವು ಕಾವಲು ಕುಳಿತಿದ್ದೆವು. ಅದು ಮುಂಗೈಯಲ್ಲಿ ಹೊಳೆಯುತ್ತಿತ್ತು.

ಉಂಗುರ ತೆಗೆದೆ. ಸರವನ್ನು ಕುತ್ತಿಗೆಯ ಹಿಂದಕ್ಕೆ ತಿರುಗಿಸಿ ಒಳಗೆ ಸೇರಿಸಿ ಪಿನ್ನು ಹಾಕಿದೆ. ಬಳೆಗೆ ಕೈ ಹಾಕಿದಾಗ ಅತ್ತೆ ಅಡ್ಡ ಬಂದರು. ನವಮಿಯ ಬೆಳಿಗ್ಗೆ ಸೊಸೆ ಬೋಳುಗೈಯಲ್ಲಿ ಬೀದಿಗೆ ಕಾಣುವಂತೆ ನಿಲ್ಲುವುದು ಅವರಿಗೆ ಸಾಧ್ಯವಿರಲಿಲ್ಲ. ಸುಟ್ಟರೆ ಸುಡಲಿ ಎನ್ನುವಷ್ಟು ಮೊಂಡೂ ಅವರಲ್ಲ. ಒಂದು ನಿಮಿಷ ಸುಮ್ಮನೆ ನಿಂತು, “ಗಾಜಿಗೆ ಕರೆಂಟ್ ಹಿಡಿಯುತ್ತದೆಯೇ?” ಎಂದು ಜಾವಾದವರನ್ನು ಕೇಳಿದರು. ಹಿಡಿಯುವುದಿಲ್ಲ ಎಂದರು ಅವರು. ಅತ್ತೆ ಒಳಗೆ ಹೋಗಿ, ಗೊಂಬೆ ನೋಡಲು ಬರುವ ಹೆಂಗಸರಿಗೆ ತಾಂಬೂಲದ ಜೊತೆ ಕೊಡಲೆಂದು ದೇವರಾಜ ಮಾರುಕಟ್ಟೆಯಿಂದ ತರಿಸಿಟ್ಟಿದ್ದ ಬಳೆಗಳ ಪೆಟ್ಟಿಗೆಯನ್ನೇ ತಂದರು. ಚಿನ್ನದ ನೀರಿನ ಗೆರೆ ಇರುವುದು ಬೇಡ ಎಂದು ನಾನು ಹೇಳುವ ಮೊದಲೇ ಬದಿಗೆ ಸರಿಸಿದ್ದರು. ಬರಿ ಹಸಿರಿನವನ್ನು ಆರಿಸಿ, ನನ್ನ ಕೈ ಒತ್ತಿ ಒತ್ತಿ, ಆರಾರನ್ನು ತಾವೇ ತೊಡಿಸಿದರು. ಮಾವನವರು ಹೋದ ಮೇಲೆ ಅವರು ಗಾಜಿನ ಬಳೆಯ ಪೆಟ್ಟಿಗೆಯನ್ನು ತಾವಾಗಿ ತೆರೆದದ್ದನ್ನು ನಾನು ನೋಡಿರಲಿಲ್ಲ. ತೆಗೆದ ಚಿನ್ನದ ಬಳೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಮಣೆಯ ಮೇಲೆ ತಾವೇ ಕುಳಿತರು.

ಇಂಥ ಕೆಲಸಕ್ಕೆ ಬರಿಗೈಯೇ ಸರಿ. ಗಾಜು ಒಡೆದರೆ ಚುಚ್ಚುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಒಂದು ಜೊತೆ ದಪ್ಪ ಕೈಗವಸು ಇದ್ದರೆ ಇನ್ನೂ ಒಳ್ಳೆಯದು. ಇದನ್ನು ಓದಿ ಯಾರೂ ಬಳೆ ಪೆಟ್ಟಿಗೆ ಹುಡುಕಿಕೊಂಡು ಹೋಗಬಾರದು. ನಮ್ಮ ಮನೆಯಲ್ಲಿ ಆ ದಿನ ಆದ ರಾಜಿ ಅದು.

ಮೈನಸ್ ಸುಲಭವಾಗಿ ಬಂತು. ಕೇಬಲ್ಲನ್ನು ಪಕ್ಕಕ್ಕೆ ಬಾಗಿಸಿ, ಮತ್ತೆ ತಾನಾಗಿ ಬಂದು ತಾಗದಂತೆ ಹಳೆಯ ಬಟ್ಟೆ ಸುತ್ತಿಟ್ಟೆ. ಪ್ಲಸ್ಸಿನ ಮೇಲೆ ಮೈಲುತುತ್ತದ ಬಣ್ಣದ ಹರಳು ಹೂ ಬಿಟ್ಟಿತ್ತು. ಬಣ್ಣವೇನು, ಅದು ಮೈಲುತುತ್ತವೇ. ಆಮ್ಲದ ಆವಿ ಕೇಬಲ್ಲಿನ ತಾಮ್ರವನ್ನು ತಿಂದು ಹಾಗೆ ಮಾಡುತ್ತದೆ. ಅಡುಗೆ ಸೋಡಾವನ್ನು ಬಿಸಿನೀರಿನಲ್ಲಿ ಕದಡಿ ಹೊಯ್ದರೆ ಬುಸ್ಸೆಂದು ನೊರೆ ಬಂದು ಕರಗಿತು. ಆದರೂ ಕೇಬಲ್ಲಿನ ತುದಿಯ ಕ್ಲಾಂಪ್ ಏಳಲಿಲ್ಲ. ಸುತ್ತಿಗೆಯಿಂದ ಒಂದು ಏಟು ಕೊಡುವ ಆಸೆಯಾಯಿತು. “ಬೇಡ, ಸೀಸ ಮೆತ್ತಗಿನ ಲೋಹ, ಬುಡವೇ ಬಿರಿಯುತ್ತದೆ. ಮೊಸರಿನ ಬಾಟಲಿಯ ಮುಚ್ಚಳ ತಿರುಗಿಸುವಂತೆ ತಿರುಗಿಸು” ಎಂದರು ಬೆನ್ನ ಹಿಂದೆ ಕೈ ಕಟ್ಟಿದವರು. ಎಡಕ್ಕೆ, ಬಲಕ್ಕೆ, ಎಡಕ್ಕೆ. ಹತ್ತು ನಿಮಿಷ ಹಿಡಿಯಿತು. ಬಂತು.

ಇಲ್ಲೊಂದು ವಿಷಯ ತಿಳಿಯಿತು. ಬ್ಯಾಟರಿಯನ್ನು ಅದರ ತಟ್ಟೆಗೆ ಬಿಗಿಹಿಡಿಯುವ ಕಬ್ಬಿಣದ ಪಟ್ಟಿಯೇ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಹೊಸದು ಹಾಕಿದವರು ಪಟ್ಟಿಯನ್ನು ಮತ್ತೆ ಕೂರಿಸದೆ ಬಿಟ್ಟಿದ್ದರು. ಹಾಕಿದ ಕೂಲಿಯನ್ನು ಮಾತ್ರ ಬಿಟ್ಟಿರಲಿಲ್ಲ. ನಾಲ್ಕು ವರ್ಷ ಪ್ರತಿ ಗುಂಡಿಗೂ ಪ್ರತಿ ಉಬ್ಬಿಗೂ ಬ್ಯಾಟರಿ ಕುಣಿದಿದೆ, ಒಳಗಿನ ಫಲಕಗಳ ಪುಡಿ ಉದುರಿದೆ. ಗೊತ್ತಿದ್ದವರು ಮಾಡಿದ್ದಾರೆ ಎಂಬ ನಂಬಿಕೆಯಲ್ಲಿ ಹಿಂದಿನ ಸಂಜೆಯವರೆಗೆ ನಾನು ಒಮ್ಮೆಯೂ ಬಾನೆಟ್ ಎತ್ತಿ ನೋಡಿರಲಿಲ್ಲ. ಜಾವಾದವರು ತಮ್ಮ ಮನೆಗೆ ಹೋಗಿ ಒಂದು ಪಟ್ಟಿ, ಎರಡು ಉದ್ದನೆಯ ಬೋಲ್ಟು ಹುಡುಕಿ ತಂದರು. ಅವರ ಶೆಡ್ಡಿನಲ್ಲಿ ಇಲ್ಲದ ಕಬ್ಬಿಣವಿಲ್ಲ.

ಹಳೆಯದನ್ನು ಎತ್ತುವಾಗ ಮಾತ್ರ ಅವರು ಬೆನ್ನ ಹಿಂದಿನ ಕೈ ಬಿಚ್ಚುತ್ತಾರೇನೋ ಎಂದುಕೊಂಡೆ. ಬಿಚ್ಚಲಿಲ್ಲ. “ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು. ಓರೆ ಮಾಡಬೇಡ” ಎಂದರು. ಎತ್ತಿ, ಹರಡಿದ ಪತ್ರಿಕೆಯ ಮೇಲೆ ಇಟ್ಟೆ. ಹೊಸದನ್ನು ಇಳಿಸಿ, ಪಟ್ಟಿ ಬಿಗಿದು, ಪ್ಲಸ್ ಹಾಕಿ, ಅದರ ಕೆಂಪು ಟೋಪಿ ಮುಚ್ಚಿ, ಇನ್ನೇನು ಮೈನಸ್ ಕೂರಿಸಬೇಕು ಎನ್ನುವಾಗ ಗಂಧದ ವಾಸನೆ ಬಂತು. ಗೊಂಬೆಗಳಿಗೆ ಊದುಬತ್ತಿ ಹಚ್ಚಿ ಬಂದ ಅತ್ತೆ, ಹೊಸ ಬ್ಯಾಟರಿಗೂ ಒಂದು ಸುತ್ತು ಬೆಳಗೋಣವೆಂದು ಅದನ್ನು ಹಿಡಿದು ಬಾನೆಟ್ಟಿನ ಮೇಲೆ ಬಗ್ಗಿದ್ದರು. ಜಾವಾದವರು ಜೋರಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಚಾರ್ಜ್ ಆಗುವಾಗ ಈ ಬ್ಯಾಟರಿಗಳಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿಗೆ ಸಿಡಿಯಬಲ್ಲದು. ಬಾಯಿ ತೆರೆದ ಬಾನೆಟ್ಟಿನಲ್ಲಿ ಅಷ್ಟು ಸೇರುವುದು ಅಪರೂಪ. ಆದರೆ ಕರ್ಪೂರ, ಊದುಬತ್ತಿ, ಬೀಡಿ ಯಾವುದನ್ನೂ ಬ್ಯಾಟರಿಯ ನೆತ್ತಿಯ ಮೇಲೆ ಹಿಡಿಯಬಾರದು. ಆ ದಿನ ಮೈಸೂರಿನಲ್ಲಿ ಎಷ್ಟು ಬಾನೆಟ್ಟುಗಳಲ್ಲಿ ಊದುಬತ್ತಿ ಸಿಕ್ಕಿಸಿದ್ದರೋ.

ಕೊನೆಗೆ ಮೈನಸ್. ತಾಗುವಾಗ ಸಣ್ಣದೊಂದು ಕಿಡಿ ಚಿಟ್ಟೆಂದಿತು. ಕಾರಿನ ಹಸಿದ ಗಡಿಯಾರವೂ ಲಾಕೂ ಒಟ್ಟಿಗೆ ಬಾಯಿ ಹಾಕಿದ್ದು. ಎರಡೂ ತುದಿಗಳಿಗೆ ವ್ಯಾಸಲೀನ್ ಸವರಿದೆ. ಕೀಲಿ ತಿರುಗಿಸಿದೆ. ಎಂಜಿನ್ ಎದ್ದಿತು. ಮೀಟರ್ ಇಟ್ಟರೆ 14.1 ವೋಲ್ಟ್, ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಅದು 13ರ ಆಸುಪಾಸಿನಲ್ಲೇ ನಿಂತಿದ್ದರೆ ತಪ್ಪು ಬ್ಯಾಟರಿಯದಲ್ಲ, ಇನ್ನೆಲ್ಲೋ ಎಂದು ಹುಡುಕಬೇಕಿತ್ತು. ರೇಡಿಯೋ ತನ್ನ ನಿಲ್ದಾಣಗಳನ್ನೆಲ್ಲ ಮರೆತಿತ್ತು. ಗಡಿಯಾರ 12:00 ತೋರಿಸುತ್ತಿತ್ತು, ರಾಹುಕಾಲಕ್ಕೆ ಸರಿಯಾಗಿ. ನಿಜವಾದ ಹೊತ್ತು ಒಂಬತ್ತೂವರೆ.

ಎಲ್ಲ ಕಾರಿಗೂ ಈ ಧೈರ್ಯ ಸಲ್ಲದು. ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಂತು ತಾನಾಗಿ ಏಳುವ ಹೊಸ ಕಾರುಗಳಿಗೆ ಬೇರೆ ಬಗೆಯ ಬ್ಯಾಟರಿ ಬೇಕು, ಕೆಲವಕ್ಕೆ ಹೊಸದು ಬಂದಿದೆ ಎಂದು ಕಂಪ್ಯೂಟರಿಗೆ ತಿಳಿಸಲೂ ಬೇಕು. ವಿದ್ಯುತ್ ಕಾರಿನ ನೂರಾರು ವೋಲ್ಟಿನ ದೊಡ್ಡ ಬ್ಯಾಟರಿಯನ್ನೂ, ಅದರ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನೂ ಮನೆಯಲ್ಲಿ ಯಾರೂ ಮುಟ್ಟಲೇಬಾರದು. ಅಲ್ಲಿ ಅತ್ತೆಯ ಮಣೆಯೂ ಸಾಲದು.

ಸ್ಪ್ಯಾನರನ್ನು ಒರೆಸಿ ಮರಳಿಸಿದೆ. ಅತ್ತೆ ಅದಕ್ಕೆ ಅರಿಸಿನ ಕುಂಕುಮ ಇಟ್ಟು ಪಟ್ಟದ ಗೊಂಬೆಯ ಪಾದದ ಬಳಿ, ಈ ಸಲ ಕತ್ತರಿ ಈಳಿಗೆಗಳಿಗಿಂತ ಮುಂದೆ, ಮಲಗಿಸಿದರು. ಬಾನೆಟ್ ಮುಚ್ಚಿದ ಮೇಲೆ ಮಂಗಳಾರತಿಯಾಯಿತು. ಬೂದುಗುಂಬಳ ಒಡೆದದ್ದು ಜಾವಾದವರು. ಅದಕ್ಕೆ ಅವರು ಬೆನ್ನ ಹಿಂದಿನ ಕೈ ಬಿಚ್ಚಿದರು. ನಾಲ್ಕು ನಿಂಬೆಹಣ್ಣುಗಳಲ್ಲಿ ಮೂರು ಸರಿಯಾಗಿ ಒಡೆದವು, ಒಂದು ಜಾರಿ ಚರಂಡಿಗೆ ಉರುಳಿತು. ಆ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಸಂಜೆ ನೋಡಿದರೆ ಹನ್ನೆರಡು ಹಸಿರು ಬಳೆಗಳಲ್ಲಿ ಎರಡು ಹೆಚ್ಚಿದ್ದವು.

ಹಳೆಯ ಬ್ಯಾಟರಿಯನ್ನು ಶುಕ್ರವಾರ ಅಂಗಡಿಗೆ ಕೊಟ್ಟು ಬಂದೆ. ಗುಜರಿಯವನು ಮನೆ ಬಾಗಿಲಿಗೇ ಬಂದು ನೂರು ರೂಪಾಯಿ ಹೆಚ್ಚು ಕೊಡುತ್ತೇನೆ ಎಂದಿದ್ದ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಬೇರೆ ಕಸದೊಡನೆ ಬೆರೆಸದೆ ಸಂಗ್ರಹಿಸುವವರಿಗೆ ಒಪ್ಪಿಸುವುದು ಬಳಕೆದಾರರ ಹೊಣೆ. ನನಗೆ ನಿಯಮಕ್ಕಿಂತ, ಯಾವುದೋ ಹಿತ್ತಲಿನಲ್ಲಿ ಆಮ್ಲವನ್ನು ಮಣ್ಣಿಗೆ ಸುರಿದು ಸೀಸ ಕರಗಿಸುವಾಗ ಪಕ್ಕದಲ್ಲಿ ಆಡುತ್ತಿರುವ ಮಕ್ಕಳ ನೆನಪು ಬಂತು. ಮನೆಯವರು ಬಂದವರೇ ಬಾನೆಟ್ ಎತ್ತಿ, ಎರಡೂ ನಟ್ಟುಗಳನ್ನು ಅಲುಗಿಸಿ ನೋಡಿದರು. ಅಲುಗಲಿಲ್ಲ. ಕಾಫಿ ಕುಡಿಯಲು ಒಳಗೆ ಹೋದರು.

ಸಂಕ್ರಾಂತಿಯ ಹಿಂದಿನ ವಾರ ಯುಪಿಎಸ್ ಬ್ಯಾಟರಿಗೆ ನೀರು ಹಾಕುವ ದಿನ ಬಂತು. ನಾನು ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಅತ್ತೆ ಡಿಸ್ಟಿಲ್ಡ್ ವಾಟರಿನ ಕ್ಯಾನು, ಆಲಿಕೆ ಎರಡನ್ನೂ ತಂದಿಟ್ಟುಕೊಂಡರು. ಕುಳಿತವರು ಮತ್ತೆ ಎದ್ದು, ಕೈಯಲ್ಲಿದ್ದ ಎರಡೇ ಎರಡು ಚಿನ್ನದ ಬಳೆಗಳನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಊದುಬತ್ತಿಯ ಗೂಡನ್ನು ಅಡುಗೆಮನೆಗೆ ಸಾಗಿಸಿದರು. ಬಿರಡೆ ಬಿಚ್ಚುವಾಗ ನನ್ನ ಕಣ್ಣು ಅವರ ಕಾಲಿನ ಕಡೆಗೆ ಹೋಯಿತು. ಯಾರಿಗೂ ಹೊಸ್ತಿಲು ದಾಟಿ ಚಪ್ಪಲಿ ತರಗೊಡದ ಅತ್ತೆ, ತೊಳೆದು ಒರೆಸಿದ ರಬ್ಬರ್ ಚಪ್ಪಲಿಯನ್ನು ಮೆಟ್ಟಿಕೊಂಡು ನಡುಮನೆಯಲ್ಲಿ ಕುಳಿತಿದ್ದರು.